ಜಾಯ್ ಡಿವಿಷನ್ ಬಿಬಿಸಿ ಸೆಷನ್‌ಗಳು: ಯಾವ ಪ್ರತಿ ತಗೊಳ್ಳೋದು, ಕೇಳುವಾಗ ಏನು ನೋಡೋದು

ಸೂಜಿಮೊನೆ

ಇಂಗ್ಲೆಂಡಿನ ರಾಕ್ ತಂಡ ಜಾಯ್ ಡಿವಿಷನ್, ಬಿಬಿಸಿ ರೇಡಿಯೋ 1ರಲ್ಲಿ ಜಾನ್ ಪೀಲ್ ನಡೆಸುತ್ತಿದ್ದ ಕಾರ್ಯಕ್ರಮಕ್ಕೆ ಮಾಡಿದ ಎರಡು ಸೆಷನ್ (ಪ್ರಸಾರಕ್ಕೆಂದೇ ಸ್ಟುಡಿಯೋದಲ್ಲಿ ಮಾಡಿದ ರೆಕಾರ್ಡಿಂಗ್) ಈಗ ನಾಲ್ಕು ರೂಪದಲ್ಲಿ ಸಿಗುತ್ತೆ. ಸ್ಟ್ರೇಂಜ್ ಫ್ರೂಟ್ ಕಂಪನಿಯ 1986 ಮತ್ತು 87ರ ಇಪಿಗಳು (ನಾಲ್ಕು ಹಾಡಿನ ಡಿಸ್ಕ್‌ಗಳು), 1990ರ ಎಂಟು ಹಾಡಿನ ಆಲ್ಬಮ್, 2000ದ 'ದ ಕಂಪ್ಲೀಟ್ ಬಿಬಿಸಿ ರೆಕಾರ್ಡಿಂಗ್ಸ್', ಆಮೇಲೆ 2008ರ 'ದ ಬೆಸ್ಟ್ ಆಫ್' ಜೊತೆಗಿನ ಎರಡನೇ ಸಿಡಿ. ನೆಟ್‌ನಲ್ಲಿ ಕೈಯಿಂದ ಕೈಗೆ ಓಡಾಡೋ ಕ್ಯಾಸೆಟ್ ಪ್ರತಿಗಳು ಬೇರೆ.

ಕೇಳಬೇಕಾದ್ದು ಮೂರು. ಇದನ್ನ ಲೈವ್ ಆಲ್ಬಮ್ ಅನ್ನಬಹುದಾ? ಯಾವುದು ಒಂದು ತಗೊಂಡ್ರೆ ಸಾಕು? ಮತ್ತೆ, ಒಂದೇ ಹಾಡು ಒಂದು ಫೈಲ್‌ನಲ್ಲಿ ಚೂಪಾಗಿ, ಇನ್ನೊಂದರಲ್ಲಿ ಮಂಕಾಗಿ ಕೇಳುತ್ತೆ. ಮೂಲ ಟೇಪೇ ಹಾಗಾ, ಇಲ್ಲ ನಡುವೆ ಯಾರಾದ್ರೂ ಕೈಯಾಡಿಸಿದ್ದಾರಾ?

ಮಂದ್ರಸ್ಥಾಯಿ

ಮೊದಲು ದಿನಾಂಕ ಸರಿ ಇಟ್ಟುಕೊಳ್ಳೋಣ. ಮೊದಲ ಸೆಷನ್ ರೆಕಾರ್ಡ್ ಆದದ್ದು 1979ರ ಜನವರಿ 31, ಪ್ರಸಾರ ಫೆಬ್ರವರಿ 14. ಹಾಡುಗಳು 'ಎಕ್ಸರ್‌ಸೈಜ್ ಒನ್', 'ಇನ್‌ಸೈಟ್', 'ಶೀಸ್ ಲಾಸ್ಟ್ ಕಂಟ್ರೋಲ್', 'ಟ್ರಾನ್ಸ್‌ಮಿಷನ್'. ಎರಡನೆಯದು ಅದೇ ವರ್ಷ ನವೆಂಬರ್ 26, ಪ್ರಸಾರ ಡಿಸೆಂಬರ್ 10. ಅದರಲ್ಲಿ 'ಲವ್ ವಿಲ್ ಟೇರ್ ಅಸ್ ಅಪಾರ್ಟ್', '24 ಅವರ್ಸ್', 'ಕಾಲನಿ', 'ಸೌಂಡ್ ಆಫ್ ಮ್ಯೂಸಿಕ್'.

ಈ ಎಂಟರಲ್ಲಿ ಒಂದು ಹಾಡೂ ಸೆಷನ್ ನಡೆದ ದಿನಕ್ಕೆ ಡಿಸ್ಕ್ ಆಗಿ ಅಂಗಡಿಗೆ ಬಂದಿರಲಿಲ್ಲ. ಮೊದಲ ಸೆಷನ್ ಆಗುವಾಗ 'ಅನ್‌ನೋನ್ ಪ್ಲೆಷರ್ಸ್' ಆಲ್ಬಮಿನ ರೆಕಾರ್ಡಿಂಗೇ ಶುರುವಾಗಿರಲಿಲ್ಲ. ಅದು ಏಪ್ರಿಲ್‌ನಲ್ಲಿ ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಆಗಿ, ಜೂನ್‌ನಲ್ಲಿ ಬಂತು. ಹಾಗಾಗಿ ಇವು 'ಹಿಟ್ ಹಾಡುಗಳ ರೇಡಿಯೋ ರೂಪ' ಅಲ್ಲ. ಆ ರಾತ್ರಿ ರೇಡಿಯೋ ಹಚ್ಚಿದವರಲ್ಲಿ ತಂಡದ ಸಂಗೀತ ಕಚೇರಿಗೆ ಹೋಗದಿದ್ದವರಿಗೆ ಅದೇ ಮೊದಲ ಸಲ.

ಎರಡನೇ ಸೆಷನ್ನಿನ ನಿರ್ಮಾಪಕರ ಹೆಸರು ಟೋನಿ ವಿಲ್ಸನ್ ಅಂತ ಇರುತ್ತೆ. ಅವರು ಬಿಬಿಸಿ ಸಿಬ್ಬಂದಿ. ಈ ತಂಡದ ರೆಕಾರ್ಡ್ ತರ್ತಿದ್ದ ಫ್ಯಾಕ್ಟರಿ ರೆಕಾರ್ಡ್ಸ್ ಕಂಪನಿ ಕಟ್ಟಿದ ಟೋನಿ ವಿಲ್ಸನ್ ಬೇರೆ. ಇಬ್ಬರನ್ನೂ ಒಬ್ಬರೇ ಅಂದುಕೊಂಡು 'ತಮ್ಮ ತಂಡವನ್ನ ತಾವೇ ರೆಕಾರ್ಡ್ ಮಾಡಿದರು' ಅಂತ ಬರೆದಿರೋದು ಅಲ್ಲಲ್ಲಿ ಸಿಗುತ್ತೆ, ನಂಬಬೇಡಿ. ಮೊದಲ ಸೆಷನ್ ಬಾಬ್ ಸಾರ್ಜೆಂಟ್ ಅವರದ್ದು.

ಅಡ್ಡಮಾತು

ಮೊದಲ ಪ್ರಶ್ನೆಗೆ ಉತ್ತರ ಸುಲಭ: ಲೈವ್ ಅಲ್ಲ. ಚಪ್ಪಾಳೆ ಇಲ್ಲ, ಜನ ಇಲ್ಲ, ಸ್ಟುಡಿಯೋ ಒಳಗೆ ಮೈಕ್ ಮುಂದೆ ನುಡಿಸಿದ್ದು. ಅಂಗಡಿಯವರು 'ಲೈವ್' ಕಪಾಟಿನಲ್ಲಿ ಇಡ್ತಾರೆ, ಅದು ಮಾರೋರ ಅನುಕೂಲ.

ಕಾಂತಪಟ್ಟಿ

ಅಷ್ಟು ಸಲೀಸಾಗಿ ತಳ್ಳಿಹಾಕೋಕಾಗಲ್ಲ ಗುರುವೇ. ಪೀಲ್ ಸೆಷನ್ ಅಂದ್ರೆ ಸಾಮಾನ್ಯವಾಗಿ ಒಂದೇ ದಿನದ ಕೆಲಸ. ಮಧ್ಯಾಹ್ನ ಸಾಮಾನು ಇಳಿಸೋದು, ಡ್ರಮ್‌ಗೆ ಮೈಕ್ ಕಟ್ಟೋದು, ಲೆವೆಲ್ ಹಿಡಿಯೋದು, ನಾಲ್ಕೂ ಹಾಡಿನ ಡ್ರಮ್, ಬಾಸ್, ಗಿಟಾರ್ ಒಟ್ಟಿಗೆ ನುಡಿಸಿ ಮಲ್ಟಿಟ್ರ್ಯಾಕ್ ಟೇಪ್ (ವಾದ್ಯಗಳು ಬೇರೆ ಬೇರೆ ಪಟ್ಟಿಯಲ್ಲಿ ಉಳಿಯೋ ಟೇಪ್) ಮೇಲೆ ಹಾಕೋದು, ಆಮೇಲೆ ಬೇಕಾದ ಕಡೆ ಇನ್ನೊಂದು ಗಿಟಾರ್, ಕೀಬೋರ್ಡ್, ಕೊನೆಗೆ ಹಾಡುಗಾರಿಕೆ. ಅದೇ ರಾತ್ರಿ ಕಾಲಿಂಚಿನ ಸ್ಟೀರಿಯೋ ಟೇಪಿಗೆ ಮಿಕ್ಸ್. ನಾಳೆ ಬಂದು ಸರಿಮಾಡ್ತೀವಿ ಅನ್ನೋ ಮಾತೇ ಇಲ್ಲ, ಮಾರನೇ ದಿನ ಆ ಕೋಣೆ ಇನ್ಯಾರಿಗೋ.

ಅಂದ್ರೆ ಓವರ್‌ಡಬ್, ನುಡಿಸಿದ್ದರ ಮೇಲೆ ಇನ್ನೊಂದು ಪದರ ಸೇರಿಸೋದು, ಉಂಟು, ಆದ್ರೆ ತಿದ್ದುಪಡಿಗೆ ಹೊತ್ತಿಲ್ಲ. ತಾಳದ ಕಟ್ಟು ಮಾತ್ರ ಮೂವರೂ ಒಟ್ಟಿಗೆ ನಿಂತು ನುಡಿಸಿದಂತೆಯೇ ಕೇಳುತ್ತೆ. ಲೈವ್ ಅನ್ನಿ, ಬಿಡಿ. 'ಕಚೇರಿ' ಅಂತ ಮಾತ್ರ ಅನ್ನಬೇಡಿ.

ಇದರಿಂದ ಇನ್ನೊಂದು ಹೊರಡುತ್ತೆ. ಮಿಕ್ಸ್ ಮುಗಿದ ಮೇಲೆ ದುಬಾರಿ ಮಲ್ಟಿಟ್ರ್ಯಾಕ್ ಟೇಪನ್ನ ಅಳಿಸಿ ಮುಂದಿನ ತಂಡಕ್ಕೆ ಬಳಸೋದು ಆಗಿನ ರೂಢಿ. ಉಳಿಯೋದು ಸ್ಟೀರಿಯೋ ಮಾಸ್ಟರ್ ಒಂದೇ. ಹಾಗಾಗಿ ಸೆಷನ್ ಸಿಡಿ ಮೇಲೆ 'ರೀಮಾಸ್ಟರ್ಡ್' (ಆ ಸ್ಟೀರಿಯೋ ಟೇಪಿನ ಶಬ್ದ ಹದ ಮಾಡಿದ್ದು) ಅಂತ ಇದ್ರೆ ಅರ್ಥ ಆಗುತ್ತೆ, 'ರೀಮಿಕ್ಸ್ಡ್' (ಬಿಡಿ ವಾದ್ಯಗಳನ್ನ ಮತ್ತೆ ಬೆರೆಸಿದ್ದು) ಅಂತ ಯಾರಾದ್ರೂ ಅಂದ್ರೆ ಯಾವುದರಿಂದ ಸ್ವಾಮಿ ಅಂತ ಕೇಳಿ.

ಮಂದ್ರಸ್ಥಾಯಿ

ಇಂಥ ಸೆಷನ್‌ಗಳು ಹುಟ್ಟಿದ್ದಕ್ಕೆ ಕಲಾಪ್ರೇಮ ಒಂದೇ ಕಾರಣ ಅಲ್ಲ. ಬ್ರಿಟನ್ನಿನಲ್ಲಿ 'ನೀಡಲ್‌ಟೈಮ್' ಅಂತ ಒಂದು ಕರಾರಿತ್ತು. ದಿನಕ್ಕೆ ಇಷ್ಟೇ ಗಂಟೆ ಅಂಗಡಿಯಲ್ಲಿ ಮಾರುವ ರೆಕಾರ್ಡ್ ಹಾಕಬೇಕು ಅಂತ ರೆಕಾರ್ಡ್ ಕಂಪನಿಗಳ ಸಂಸ್ಥೆ, ಸಂಗೀತಗಾರರ ಸಂಘ ಎರಡೂ ಪಟ್ಟು ಹಿಡಿದಿದ್ದವು. ಉಳಿದ ಹೊತ್ತು ತುಂಬಿಸೋಕೆ ಬಿಬಿಸಿ ತಾನೇ ಹಣ ಕೊಟ್ಟು ರೆಕಾರ್ಡ್ ಮಾಡಿಸಬೇಕಿತ್ತು. ಪೀಲ್ ಮತ್ತು ಅವರ ನಿರ್ಮಾಪಕ ಜಾನ್ ವಾಲ್ಟರ್ಸ್ ಆ ಕಟ್ಟುಪಾಡನ್ನೇ ಒಪ್ಪಂದ ಇಲ್ಲದ ತಂಡಗಳಿಗೆ ಬಾಗಿಲು ಮಾಡಿಕೊಟ್ಟರು. ಸೂಕ್ಸಿ ಅಂಡ್ ದ ಬ್ಯಾನ್‌ಷೀಸ್ ತಂಡಕ್ಕೆ ಪಾಲಿಡಾರ್ ಜೊತೆ ಸಹಿ ಆದದ್ದು 1978ರ ಜೂನ್‌ನಲ್ಲಿ. ಅಷ್ಟರೊಳಗೆ ಎರಡು ಪೀಲ್ ಸೆಷನ್ ಮುಗಿದಿದ್ದವು, ಎರಡನೆಯದರಲ್ಲಿ 'ಹಾಂಗ್‌ಕಾಂಗ್ ಗಾರ್ಡನ್' ಕೂಡ ಇತ್ತು. ದ ಫಾಲ್ ಅಂತೂ 1978ರಿಂದ 2004ರವರೆಗೆ 24 ಸೆಷನ್ ಮಾಡಿತು, ಒಟ್ಟಾಗಿ ಆರು ಸಿಡಿಯ ಪೆಟ್ಟಿಗೆಯಾಗಿ ಬಂದಿದೆ.

ಜಾಗ ಪಶ್ಚಿಮ ಲಂಡನ್ನಿನ ಡೆಲವೇರ್ ರಸ್ತೆಯ ಮೇಡಾ ವೇಲ್. ಮೊದಲು ಸ್ಕೇಟಿಂಗ್ ಅಂಗಳವಾಗಿದ್ದ ಕಟ್ಟಡ, 1930ರ ದಶಕದಲ್ಲಿ ಬಿಬಿಸಿ ಕೈಗೆ ಬಂತು. ಒಂದೇ ಸೂರಿನಡಿ ಬಿಬಿಸಿ ಸಿಂಫನಿ ವಾದ್ಯವೃಂದ, ವಿದ್ಯುನ್ಮಾನ ಶಬ್ದ ತಯಾರಿಸೋ ರೇಡಿಯೋಫೋನಿಕ್ ವರ್ಕ್‌ಶಾಪ್, ಪಂಕ್ ಹುಡುಗರು. 2023ರಲ್ಲಿ ಮಾರಾಟ ಆಯ್ತು, ಕೊಂಡವರಲ್ಲಿ ಸಂಗೀತ ಸಂಯೋಜಕ ಹಾನ್ಸ್ ಜಿಮ್ಮರ್ ಕೂಡ ಒಬ್ಬರು.

ಹುಬ್ಬಳ್ಳಿ_ಬಾಸ್

ಕೇಳೋದು ಹೆಂಗ ಅಂತ ಒಂದೀಟು ಹೇಳ್ತೀನ್ರಿ. 'ಇನ್‌ಸೈಟ್' ತಗೋರಿ. ಆಲ್ಬಮ್‌ನ್ಯಾಗ ಅದರ ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಏನ್ ಮಾಡ್ಯಾನ? ಸ್ಟುಡಿಯೋದ ಲಿಫ್ಟಿನ ಸಪ್ಪಳ ಹಿಡದು ಹಾಕ್ಯಾನ, ಹಾಡುಗಾರ ಇಯಾನ್ ಕರ್ಟಿಸನ ದನಿ ದೂರದಿಂದ ಬರ್ಲಿ ಅಂತ ಟೆಲಿಫೋನ್ ತಂತಿಯೊಳಗ ಹಾಯ್ಸಿ ರೆಕಾರ್ಡ್ ಮಾಡ್ಯಾನ. ಸೆಷನ್‌ನ್ಯಾಗ ಆ ಲಿಫ್ಟೂ ಇಲ್ಲ, ಆ ತಂತೀನೂ ಇಲ್ಲ. ದನಿ ಎದುರಿಗೇ ನಿಂತೈತಿ. ಅದ ಹಾಡು, ಅದ ರಾಗ, ಆದ್ರ ಇಲ್ಲಿ ಒಬ್ಬ ಮನಿಷಾ ಹಾಡಾಕ ಹತ್ಯಾನ ಅನ್ನೋದು ಗೊತ್ತಾಕ್ಕೈತಿ.

'ಶೀಸ್ ಲಾಸ್ಟ್ ಕಂಟ್ರೋಲ್' ಇನ್ನೂ ಚಲೋ ಉದಾಹರಣಿ. ಹ್ಯಾನೆಟ್ ಡ್ರಮ್ಮರ್ ಸ್ಟೀಫನ್ ಮಾರಿಸ್‌ನ ಕಡೆಯಿಂದ ಡ್ರಮ್ಮಿನ ಒಂದೊಂದು ಭಾಗ ಬ್ಯಾರೆ ಬ್ಯಾರೆ ಬಾರಿಸಿ ರೆಕಾರ್ಡ್ ಮಾಡಿಸ್ದಾಂವ. ಒಂದರ ಸಪ್ಪಳ ಇನ್ನೊಂದರ ಮೈಕಿಗೆ ಬೀಳಬಾರ್ದು ಅಂತ. ಮ್ಯಾಲ ಡಿಜಿಟಲ್ ಡಿಲೇ, ಅಂದ್ರ ಸಪ್ಪಳ ಚೂರು ತಡಾ ಮಾಡಿ ಮರಳಸೋ ಯಂತ್ರ. ಅದಕ್ಕ ಆಲ್ಬಮಿನ ಡ್ರಮ್ಮು ಯಂತ್ರದಂಗ ತಣ್ಣಗ ಐತಿ. ಸೆಷನ್‌ನ್ಯಾಗ ಇಡೀ ಸೆಟ್ಟು ಒಂದ ಕೋಣ್ಯಾಗ ಐತ್ರಿ, ಸ್ನೇರ್ ಹೊಡದ್ರ ಸಿಂಬಲ್ ಮೈಕಿನ್ಯಾಗೂ ಬರ್ತೈತಿ. ಅದನ್ನ ಕೆಲವರು ಕೆಟ್ಟ ರೆಕಾರ್ಡಿಂಗ್ ಅಂತಾರ. ಅಲ್ಲ, ಅದು ಕೋಣಿ.

ಬಾಸ್ ಕಲಿಯೋರಿಗಂತೂ ಸೆಷನ್ನೇ ಪಾಠ. ಪೀಟರ್ ಹುಕ್ ಮ್ಯಾಲಿನ ಸ್ವರದ ತಂತಿ ಮ್ಯಾಲ, ಕತ್ತಿನ ಮ್ಯಾಲಿನ ಫ್ರೆಟ್ ಮೆಟ್ಟುಗಳ ಹತ್ರ ನುಡಸ್ತಾನ, ಯಾಕಂದ್ರ ಬರ್ನಾರ್ಡ್ ಸಮ್ನರ್‌ನ ಗಿಟಾರ್ ಜೋರ ಇದ್ದಾಗ ಕೆಳಗಿನ ಸ್ವರ ಅವಗ ಕೇಳ್ತಿದ್ದಿಲ್ಲ. ಹಂಗಾಗಿ ಬಾಸೇ ಪಲ್ಲವಿ ಹಾಡ್ತೈತಿ, ಗಿಟಾರ್ ಬರೇ ಗೀರ್ತೈತಿ. ಹ್ಯಾನೆಟ್‌ನ ಪ್ರತಿಧ್ವನಿ ಇಲ್ಲದ್ದಕ್ಕ ಮೀಟೋ ಪ್ಲೆಕ್ಟ್ರಮ್ ತಂತಿಗೆ ತಾಗೋದು ಸೈತ ಇಲ್ಲಿ ಬಿಡಿಸಿ ಕೇಳ್ತೈತಿ.

ಅಡ್ಡಮಾತು

ಅಂದ್ರೆ ಸಾರ್ಜೆಂಟ್ ಕೆಲಸವೇ ಮೇಲು, ಹ್ಯಾನೆಟ್ ಹಾಳು ಮಾಡಿದ ಅಂತಾನಾ? ಈ ವಾದ ಬೇಜಾನ್ ಕೇಳಿ ಆಗಿದೆ. ಹ್ಯಾನೆಟ್ ಇಲ್ಲದಿದ್ರೆ ಇದು 1979ರ ನೂರು ತಂಡಗಳಲ್ಲಿ ಇನ್ನೊಂದು ಜೋರು ತಂಡ ಅಷ್ಟೆ. 'ಎಕ್ಸರ್‌ಸೈಜ್ ಒನ್' ಸೆಷನ್ ರೂಪ ಕೇಳಿ, ಎಲ್ಲಾ ಇದೆ, ಆ ಖಾಲಿತನ ಮಾತ್ರ ಇಲ್ಲ.

ಹುಬ್ಬಳ್ಳಿ_ಬಾಸ್

ಹಾಳು ಮಾಡ್ದ ಅಂತ ಯಾರ್ ಅಂದ್ರು? ಎರಡೂ ಬೇಕು. ಆದ್ರ ಎರಡನೇ ಸೆಷನ್ ಕೇಳಿ ಮಾತಾಡ್ರಿ. 'ಕಾಲನಿ', '24 ಅವರ್ಸ್' ಎರಡೂ 'ಕ್ಲೋಸರ್' ಆಲ್ಬಮಿಗೆ ಹೋದವು, ಅದರ ರೆಕಾರ್ಡಿಂಗ್ ಲಂಡನ್ನಿನ ಬ್ರಿಟಾನಿಯಾ ರೋ ಸ್ಟುಡಿಯೋದಾಗ 1980ರ ಮಾರ್ಚಿನ್ಯಾಗ ಆಗಿದ್ದು. ಸೆಷನ್‌ನ '24 ಅವರ್ಸ್' ನಿಧಾನದಿಂದ ವೇಗಕ್ಕ ಜಿಗಿಯೋ ಜಾಗಾ ಗಮನ ಇಡ್ರಿ: ಡ್ರಮ್ಮು ಮೊದ್ಲ ಮುಂದ ಹೊಕ್ಕೈತಿ, ಉಳದವ್ರು ಬೆನ್ನ ಹತ್ತಿ ಬರ್ತಾರ. ಆಲ್ಬಮ್‌ನ್ಯಾಗ ಆ ಎಳದಾಟ ಅಷ್ಟು ಕಾಣಸಂಗಿಲ್ಲ.

'ಲವ್ ವಿಲ್ ಟೇರ್ ಅಸ್ ಅಪಾರ್ಟ್' ಸಿಂಗಲ್‌ಗೆ ಮೊದ್ಲ ಓಲ್ಡ್‌ಹ್ಯಾಮ್‌ನ ಪೆನೈನ್ ಸ್ಟುಡಿಯೋದಾಗ 1980ರ ಜನವರಿಗೆ ರೆಕಾರ್ಡ್ ಮಾಡಿ, ಸಾಲದು ಅಂತ ಮಾರ್ಚಿಗೆ ಸ್ಟ್ರಾಬೆರ‍್ಯಾಗ ಮತ್ತೊಮ್ಮೆ ಮಾಡ್ಯಾರ. ಎರಡೂ ರೂಪ ಒಂದೇ ಸಿಂಗಲ್‌ನ್ಯಾಗ ಅದಾವು. ಸೆಷನ್ ಎರಡಕ್ಕೂ ಮುಂಚಿಂದು. ಮೂರನ್ನೂ ಸಾಲಾಗಿ ಹಚ್ಚಿ ಕೇಳಿದ್ರ ಹಾಡು ಹೆಂಗ ಗಟ್ಟಿ ಆಗಿ ಬಂತು ಅನ್ನೋದು ತಿಳಿತೈತಿ.

ಸೂಜಿಮೊನೆ

ಸರಿ, ಈಗ ಮೂರನೇ ಪ್ರಶ್ನೆ. ಚೂಪು, ಮಂಕು ಯಾಕೆ? ಕಾಂತಪಟ್ಟಿ ಅಣ್ಣ, ನೀವೇ ಹೇಳಬೇಕು.

ಕಾಂತಪಟ್ಟಿ

ಕಾರಣ ಒಂದಲ್ಲ. ಮೂಲ ರೀಲಿನಿಂದ ತೆಗೆದ ಪ್ರತಿಗಳಲ್ಲಿ ಆಗೋ ಎಡವಟ್ಟು ಹೇಳ್ತೀನಿ, ಕ್ಯಾಸೆಟ್ ವಿಷಯ ಇನ್ಯಾರಾದ್ರೂ ಹೇಳಲಿ.

ಮೊದಲನೆಯದು ಈಕ್ವಲೈಸೇಷನ್. ಟೇಪಿಗೆ ಬರೆಯುವಾಗ ಸ್ವರಗಳನ್ನ ಒಂದು ಗೊತ್ತಾದ ವಕ್ರರೇಖೆಯಲ್ಲಿ ಎತ್ತಿ ಇಳಿಸಿ ಬರೀತಾರೆ, ಓದುವಾಗ ಅದನ್ನ ತಿರುಗಾಮುರುಗಾ ಮಾಡ್ತಾರೆ. ಯುರೋಪಿನಲ್ಲಿ ಐಇಸಿ, ಅದನ್ನೇ ಸಿಸಿಐಆರ್ ಅಂತಲೂ ಕರೀತಾರೆ. ಅಮೆರಿಕದಲ್ಲಿ ಎನ್‌ಎಬಿ. ಸೆಕೆಂಡಿಗೆ 15 ಇಂಚು ವೇಗದಲ್ಲಿ ಆ ವಕ್ರರೇಖೆಯ ಗುರುತು ಐಇಸಿಗೆ 35 ಮೈಕ್ರೋಸೆಕೆಂಡ್, ಎನ್‌ಎಬಿಗೆ 50 ಮತ್ತು 3180. ಐಇಸಿ ಟೇಪನ್ನ ಎನ್‌ಎಬಿಗೆ ಹೊಂದಿಸಿದ ಯಂತ್ರದಲ್ಲಿ ಓಡಿಸಿದ್ರೆ ಮೇಲಿನ ಸ್ವರಗಳು ಸುಮಾರು 3 ಡಿಬಿ (ಡೆಸಿಬೆಲ್, ಶಬ್ದದ ಜೋರಿನ ಅಳತೆ) ಎದ್ದು ಬರುತ್ತವೆ, 50 ಹರ್ಟ್ಸ್ ಹತ್ತಿರ 3 ಡಿಬಿ ಕುಸಿಯುತ್ತೆ. ಸಿಂಬಲ್ ಕಿವಿಗೆ ಚುಚ್ಚುತ್ತೆ, ಕಿಕ್ ಡ್ರಮ್ಮಿಗೆ ಹೊಟ್ಟೆ ಇರಲ್ಲ. ಪೋಸ್ಟ್-ಪಂಕ್, ಅಂದ್ರೆ ಈ ತಂಡದ ಬಗೆ, ಮೊದಲೇ ಒಣ ಶಬ್ದದ ಸಂಗೀತ, 'ಇದು ಹೀಗೇ ಇರಬೇಕು' ಅಂತ ಯಾರಿಗೂ ಅನುಮಾನ ಬರಲ್ಲ. ಇದನ್ನ ಟ್ರೆಬಲ್ ಗುಂಡಿ ತಿರುಗಿಸಿ ಸರಿ ಮಾಡೋಕೆ ಹೋಗಬೇಡಿ. ಎರಡು ವಕ್ರರೇಖೆಯ ವ್ಯತ್ಯಾಸವನ್ನೇ ಫಿಲ್ಟರ್ ಆಗಿ ಹಾಕಿದ್ರೆ ಪೂರ್ತಿ ಸರಿಹೋಗುತ್ತೆ.

ಎರಡನೆಯದು ಅಜಿಮತ್, ಅಂದ್ರೆ ಹೆಡ್ಡಿನ ಸೀಳು ಟೇಪಿಗೆ ನಿಖರ ಲಂಬವಾಗಿ ನಿಲ್ಲೋದು. ಪ್ರಸಾರ ಸಂಸ್ಥೆಗಳ ರೀಲಿನ ಶುರುವಲ್ಲಿ ಟೋನ್ (ಪರೀಕ್ಷೆಗೆ ಹಾಕಿದ ಒಂದೇ ಸ್ವರ) ಇದ್ರೆ ಅದೇ ದಾರಿದೀಪ: 10 ಕಿಲೋಹರ್ಟ್ಸ್ ಟೋನ್ ಓಡಿಸಿ, ಎರಡೂ ಚಾನೆಲ್ ಕೂಡಿಸಿ, ಮೊತ್ತ ಗರಿಷ್ಠ ಆಗೋವರೆಗೆ ಹೆಡ್ ತಿರುಪನ್ನ ಕೂದಲೆಳೆಯಷ್ಟು ತಿರುಗಿಸಬೇಕು. ಆದ್ರೆ ಮೊದಲು 1 ಕಿಲೋಹರ್ಟ್ಸ್‌ನಲ್ಲಿ ಹೊಂದಿಸಿ ಆಮೇಲೆ 10ಕ್ಕೆ ಬನ್ನಿ. ನೇರ 10ಕ್ಕೇ ಹೋದ್ರೆ ಒಂದು ಇಡೀ ಅಲೆ ತಪ್ಪಿ, ಸುಳ್ಳು ಗರಿಷ್ಠಕ್ಕೆ ಕೂತುಬಿಡುತ್ತೆ. ಟೋನ್ ಇಲ್ಲದಿದ್ರೆ ಮಧ್ಯದಲ್ಲಿ ಕೂತಿರೋ ಹೈ-ಹ್ಯಾಟ್ ಅಥವಾ ಹಾಡಿನ 'ಸ'ಕಾರ ಇಟ್ಟುಕೊಂಡು ಮೋನೋದಲ್ಲಿ ಕೇಳುತ್ತಾ ಹೊಂದಿಸಬೇಕು.

ಮೂರನೆಯದು ಪ್ರಿಂಟ್-ಥ್ರೂ. ವರ್ಷಗಟ್ಟಲೆ ಸುತ್ತಿಟ್ಟ ಟೇಪಿನಲ್ಲಿ ಜೋರು ಶಬ್ದ ಪಕ್ಕದ ಸುತ್ತಿಗೆ ಕಾಂತವಾಗಿ ಅಂಟುತ್ತೆ. ಹಾಡು ಶುರುವಾಗೋ ಮೊದಲು ಅದೇ ಹಾಡಿನ ದೆವ್ವ ಸಣ್ಣಗೆ ಕೇಳುತ್ತೆ. ಟೇಪಿನ ಬಾಲ, ಅಂದ್ರೆ ಕೊನೆ, ಹೊರಗಿರುವಂತೆ ಸುತ್ತಿಟ್ಟಿದ್ರೆ ಜೋರಾದ ದೆವ್ವ ಹಾಡಿನ ನಂತರ ಬೀಳುತ್ತೆ, ಮರೆಯಾಗುತ್ತೆ.

ನೀಲಿ_ಕ್ಯಾಸೆಟ್

ಆ ದೆವ್ವದಿಂದಲೇ ಪ್ರತಿಯ ಕುಲಗೋತ್ರ ಹಿಡೀಬಹುದು. ವಿನೈಲ್ ಡಿಸ್ಕಿನಲ್ಲೂ ಪಕ್ಕದ ಗೀರಿನಿಂದ ಮುನ್‌ಪ್ರತಿಧ್ವನಿ ಬರುತ್ತೆ. ಅಲ್ಲಿ ಅಂತರ ಒಂದು ಸುತ್ತಿನ ಹೊತ್ತು: 33⅓ ವೇಗದಲ್ಲಿ ಸರಿಯಾಗಿ 1.8 ಸೆಕೆಂಡ್, 45ರಲ್ಲಿ 1.33. ಡಿಸ್ಕಿನ ಹೊರಗೂ ಒಳಗೂ ಒಂದೇ. ಟೇಪಿನಲ್ಲಿ ಅಂತರ ರೀಲಿನ ದಪ್ಪದ ಮೇಲೆ ಹೋಗುತ್ತೆ: 15 ಇಂಚು ವೇಗದ ಹತ್ತೂವರೆ ಇಂಚಿನ ರೀಲಿನ ಹೊರಸುತ್ತಿನಲ್ಲಿ 2 ಸೆಕೆಂಡಿಗಿಂತ ತುಸು ಜಾಸ್ತಿ, ಒಳಗಿನ ಗುಂಬದ ಹತ್ತಿರ 1 ಸೆಕೆಂಡಿಗಿಂತ ತುಸು ಕಡಿಮೆ. 'ಮಾಸ್ಟರ್ ಟೇಪಿನಿಂದ' ಅಂತ ಹೇಳಿಕೊಳ್ಳೋ ಫೈಲಿನಲ್ಲಿ ಎಲ್ಲಾ ಹಾಡಿಗೂ ದೆವ್ವ 1.8 ಸೆಕೆಂಡ್ ಮುಂಚೆಯೇ ಬರ್ತಿದ್ರೆ, ಅದು ಡಿಸ್ಕಿಂದ ಇಳಿಸಿ ಗೀರಿನ ಚಟಪಟ ಅಳಿಸಿದ್ದು.

ನೋಡೋ ಕ್ರಮ: ಆಡಾಸಿಟಿ ಅನ್ನೋ ಶಬ್ದ ತಿದ್ದೋ ತಂತ್ರಾಂಶದಲ್ಲಿ ಹಾಡಿನ ಮುಂಚಿನ ಮೂರು ಸೆಕೆಂಡ್ ಆರಿಸಿ 40 ಡಿಬಿ ಎತ್ತಿ. ಹಾಡಿನ ಮೊದಲ ಏಟು, ದೆವ್ವದ ಮೊದಲ ಏಟು ಎರಡಕ್ಕೂ ಗುರುತು ಹಾಕಿ ನಡುವಿನ ಹೊತ್ತು ಓದಿ. ಸಿಡಿ ಮಾಡಿದವರು ಹಾಡಿನ ಮುಂಚಿನ ಮೌನ ಕತ್ತರಿಸಿ ಸೊನ್ನೆ ಮಾಡಿದ್ರೆ ಏನೂ ಸಿಗಲ್ಲ. ಆಗ ಹಾಡಿನ ನಡುವೆ ಎಲ್ಲರೂ ತಟ್ಟನೆ ನಿಲ್ಲೋ ಜಾಗ ಹುಡುಕಿ.

ಇನ್ನು ರೇಡಿಯೋದಿಂದ ಹಿಡಿದ ಕ್ಯಾಸೆಟ್‌ಗಳು. 1979ರಲ್ಲಿ ರೇಡಿಯೋ 1 ಇದ್ದದ್ದು ಮಧ್ಯಮ ತರಂಗದಲ್ಲಿ, 1053 ಮತ್ತು 1089 ಕಿಲೋಹರ್ಟ್ಸ್. ಆದ್ರೆ ರಾತ್ರಿ 10ರಿಂದ 12ರ ಪೀಲ್ ಹೊತ್ತಿಗೆ ರೇಡಿಯೋ 2ರ ಎಫ್‌ಎಂ ಸಾಲ ಸಿಗ್ತಿತ್ತು. ಹಾಗಾಗಿ ಒಂದೇ ಪ್ರಸಾರದ ಎರಡು ಜಾತಿ ಕ್ಯಾಸೆಟ್ ಇವೆ. ಮಧ್ಯಮ ತರಂಗದ್ದು ಮೋನೋ, 5 ಕಿಲೋಹರ್ಟ್ಸ್ ಆಸುಪಾಸಿಗೇ ಮುಗಿಯುತ್ತೆ, ಪಕ್ಕದ ಕೇಂದ್ರದ 9 ಕಿಲೋಹರ್ಟ್ಸ್ ಶಿಳ್ಳೆ ಇರಬಹುದು. ಎಫ್‌ಎಂದು ಸ್ಟೀರಿಯೋ, 15 ಕಿಲೋಹರ್ಟ್ಸ್‌ಗೆ ಗೋಡೆ ಕಟ್ಟಿದ ಹಾಗೆ ನಿಲ್ಲುತ್ತೆ. ಬಿಬಿಸಿ 1972ರಿಂದ ಟ್ರಾನ್ಸ್‌ಮಿಟರ್‌ಗಳಿಗೆ ಕಳಿಸ್ತಿದ್ದ ಡಿಜಿಟಲ್ ಸಂಪರ್ಕದ ಸ್ಯಾಂಪ್ಲಿಂಗೇ 32 ಕಿಲೋಹರ್ಟ್ಸ್, ಅದಕ್ಕಿಂತ ಮೇಲೆ ಹೋಗೋಕೆ ಜಾಗ ಇಲ್ಲ.

ಸ್ಪೆಕ್ಟ್ರೋಗ್ರಾಮ್ (ಯಾವ ಕಂಪನ ಎಷ್ಟಿದೆ ಅಂತ ತೋರಿಸೋ ಚಿತ್ರ) ತೆಗೆದು ವಿಂಡೋ 4096 ಇಡಿ. 15ಕ್ಕೆ ಕಡಿದಿದ್ರೆ ಎಫ್‌ಎಂ ಮೂಲ. 16ಕ್ಕೆ ಕಡಿದಿದ್ರೆ 128 ಕಿಲೋಬಿಟ್ ಎಂಪಿ3 ಆಗಿರೋ ಸಾಧ್ಯತೆ ಹೆಚ್ಚು, ಇವೆರಡನ್ನ ಜನ ಕಲಸಿಬಿಡ್ತಾರೆ. 19 ಕಿಲೋಹರ್ಟ್ಸ್‌ನಲ್ಲಿ ತೆಳ್ಳಗೆ ನೇರ ಗೆರೆ ಇದ್ರೆ ಎಫ್‌ಎಂ ಪೈಲಟ್ ಟೋನ್ (ಸ್ಟೀರಿಯೋ ಪ್ರಸಾರದ ಜೊತೆ ಕಳಿಸೋ ಗುರುತಿನ ಸ್ವರ), ಅದು ಒಳ್ಳೇ ಡೆಕ್‌ನಲ್ಲಿ ಹಿಡಿದದ್ದು. ಆ ಗೆರೆ 18.8ರಲ್ಲಿ ಕೂತಿದ್ರೆ ನಿಮ್ಮ ಪ್ರತಿ 1 ಶೇಕಡಾ ನಿಧಾನ ಓಡ್ತಿದೆ ಅಂತ ಅರ್ಥ.

ಮಂಕು ಕ್ಯಾಸೆಟ್‌ಗೆ ಸಾಮಾನ್ಯ ಕಾರಣ ಎರಡು. ಡಾಲ್ಬಿ ಬಿ (ಟೇಪಿನ ಸುಯ್ ಸದ್ದು ತಗ್ಗಿಸೋ ವ್ಯವಸ್ಥೆ) ಹಾಕದೆ ಬರೆದದ್ದನ್ನ ಡಾಲ್ಬಿ ಹಾಕಿ ಓದೋದು. ಇಲ್ಲಾ ಮಾಮೂಲಿ ಫೆರಿಕ್ ಟೇಪನ್ನ ಕ್ರೋಮ್ ಸ್ವಿಚ್ಚಿನಲ್ಲಿ ಓದೋದು. 120ರ ಬದಲು 70 ಮೈಕ್ರೋಸೆಕೆಂಡ್, ಮೇಲೆ ಸುಮಾರು 4.7 ಡಿಬಿ ಹೋಗುತ್ತೆ. ಮೂರನೇ ಒಂದು ಗೂಢವಾದದ್ದಿದೆ: ಡೆಕ್ಕಿನ ಎಂಪಿಎಕ್ಸ್ ಫಿಲ್ಟರ್ (ಪೈಲಟ್ ಟೋನ್ ತಡೆಯೋದು) ಆಫ್ ಇದ್ದು, ಡಾಲ್ಬಿ ಹಾಕಿ ಬರೆದಿದ್ರೆ ಪೈಲಟ್ ಟೋನನ್ನೇ ಸಂಗೀತ ಅಂದುಕೊಂಡು ಡಾಲ್ಬಿ ದಾರಿ ತಪ್ಪುತ್ತೆ, ಮೆಲ್ಲಗಿನ ಭಾಗ ಬಂದಾಗೆಲ್ಲ ಸಿಂಬಲ್ ಉಸಿರಾಡಿದ ಹಾಗೆ ಏರಿಳಿಯುತ್ತೆ. ಅದಕ್ಕೆ ಆಮೇಲೆ ಮದ್ದಿಲ್ಲ.

ಮಂದ್ರಸ್ಥಾಯಿ

ವೇಗ ನೋಡೋಕೆ ಪೈಲಟ್ ಇಲ್ಲದಿದ್ರೆ? ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡೋದನ್ನ ಹಿಡೀಬಹುದು ಅಂತಾರಲ್ಲ.

ನೀಲಿ_ಕ್ಯಾಸೆಟ್

ಹಿಡೀಬಹುದು ಮೇಡಂ, ಆದ್ರೆ ಎರಡು ಗುಂಡಿ ಇವೆ ಬೀಳೋಕೆ. ಒಂದು, ಬಾಸ್ ಗಿಟಾರಿನ ಕೆಳಗಿನ 'ಜಿ' ಸ್ವರ 49 ಹರ್ಟ್ಸ್. ಹಾಡು ಓಡುವಾಗ ಅಳೆದ್ರೆ ಹಮ್ (ಆ ಗುಂಯ್ ಸದ್ದು) ಅಂದುಕೊಂಡು ಪೀಟರ್ ಹುಕ್‌ನ ಅಳೀತೀರಿ. ಹಾಡಿನ ಮುಂಚೆ, ನಂತರದ ಖಾಲಿ ಜಾಗದಲ್ಲೇ ನೋಡಬೇಕು. ಆ ಜಾಗ ನಾಲ್ಕು ಸೆಕೆಂಡೇ ಇರುತ್ತೆ, ಆಗ 50 ಬಿಟ್ಟು ಅದರ ಮೂರನೇ ಹಾರ್ಮೋನಿಕ್ 150 ನೋಡಿ. ಅಷ್ಟೇ ತುಣುಕಿನಲ್ಲಿ ಮೂರು ಪಟ್ಟು ನಿಖರ. ಎರಡು, ಆ ಹಮ್ ಯಾವ ಯಂತ್ರದ್ದು? ಮೂಲ ರೆಕಾರ್ಡಿಂಗಿನದ್ದಾದ್ರೆ ವೇಗ ತಪ್ಪಿದಾಗ ಅದೂ ಸರಿಯುತ್ತೆ. ಡಿಜಿಟಲ್‌ಗೆ ಇಳಿಸಿದ ಡೆಕ್ಕಿನದ್ದಾದ್ರೆ ಟೇಪ್ ಹೇಗೇ ಓಡಲಿ, 50ರಲ್ಲೇ ಕೂತಿರುತ್ತೆ. ಎರಡು ಗೆರೆ ಅಕ್ಕಪಕ್ಕ ಕಂಡ್ರೆ ಪುಣ್ಯ, 50 ಅಲ್ಲದ್ದೇ ಟೇಪಿನದ್ದು. ಕರೆಂಟೂ ಸದಾ ನಿಖರ 50 ಇರಲ್ಲ, ಶೇಕಡಾ ಅರ್ಧ ಒಂದು ಅಂತ ಅಲ್ಲಾಡುತ್ತೆ. 1 ಶೇಕಡಾ ಅಂದ್ರೆ ಶ್ರುತಿಯಲ್ಲಿ 17 ಸೆಂಟ್ (ಅರ್ಧಸ್ವರಕ್ಕೆ 100 ಸೆಂಟ್). ಅದಕ್ಕಿಂತ ಸಣ್ಣ ತಪ್ಪನ್ನ ಹಮ್ ನಂಬಿ ತಿದ್ದಬೇಡಿ.

ಕಡಲತಡಿ

ಸ್ವಲ್ಪ ಹೊರಗಿನ ಪ್ರಶ್ನೆ. ಮಂಗಳೂರು ಕಡೆ ಮಳೆಗಾಲದ ತೇವದಲ್ಲಿ ಇದ್ದ ಹಳೇ ರೀಲ್ ಟೇಪ್ ಓಡಿಸಿದ್ರೆ ಹೆಡ್ಡಿಗೆ ಕಂದು ಅಂಟು ಹಿಡಿದು ಕಿರ್ರ್ ಅಂತ ನಿಲ್ಲುತ್ತೆ. 'ಬೇಯಿಸಿ' ಅಂತಾರೆ. ಬಿಬಿಸಿ ರೀಲುಗಳಿಗೂ ಅದೇನಾ ಮಾಡೋದು?

ಕಾಂತಪಟ್ಟಿ

ಎಲ್ಲಾ ಟೇಪಿಗೂ ಅಲ್ಲ ಮಾರಾಯ್ರೆ. ಅಂಟು ರೋಗ ಮುಖ್ಯವಾಗಿ 1970ರ ದಶಕದ ಮಧ್ಯದಿಂದ ಬಂದ, ಹಿಂಬದಿಗೆ ಕಪ್ಪು ಲೇಪ ಇರೋ ಟೇಪುಗಳದ್ದು. ಆಂಪೆಕ್ಸ್ 406, 456 ಹೆಸರುವಾಸಿ. ಬೈಂಡರ್, ಅಂದ್ರೆ ಕಾಂತಪುಡಿ ಹಿಡಿದಿಡೋ ಗೋಂದು, ಗಾಳಿಯ ತೇವ ಕುಡಿದು ಒಡೆಯುತ್ತೆ. 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಲಿಂಚಿನ ರೀಲಿಗೆ ಸುಮಾರು 8 ಗಂಟೆ, ನಡುವೆ ಒಮ್ಮೆ ಮಗುಚಿ ಹಾಕೋದು, ಆಮೇಲೆ ಅಷ್ಟೇ ಹೊತ್ತು ತಣಿಯೋಕೆ ಬಿಡೋದು. ಅಡುಗೆಮನೆ ಓವನ್ ಬೇಡ, ಅದರ ಥರ್ಮೋಸ್ಟಾಟ್ 20 ಡಿಗ್ರಿ ಹಾರುತ್ತೆ. ಹಣ್ಣು ಒಣಗಿಸೋ ಡಿಹೈಡ್ರೇಟರ್, ಒಳಗೆ ಬೇರೆ ಥರ್ಮಾಮೀಟರ್ ಇಟ್ಟು, ಸಾಕು. ಗುಣ ತಾತ್ಕಾಲಿಕ, ಕೆಲವು ವಾರದೊಳಗೆ ಡಿಜಿಟಲ್ ಮಾಡಿ ಮುಗಿಸಬೇಕು.

ಬೆಳಕಿಗೆ ಹಿಡಿದಾಗ ಸುರುಳಿಯ ಮೂಲಕ ಬೆಳಕು ಹಾಯ್ತಾ ಇದ್ರೆ ಅದು ಅಸಿಟೇಟ್ (ಹಳೇ ಬಗೆಯ ಪ್ಲಾಸ್ಟಿಕ್) ಟೇಪ್. ಅದನ್ನ ಬೇಯಿಸಿದ್ರೆ ಸುಕ್ಕುಗಟ್ಟಿ ಹೋಗುತ್ತೆ, ಮುಟ್ಟಲೇ ಬೇಡಿ. ಮತ್ತೆ ತೇವದ ಊರಿನ ರೀಲಿನಲ್ಲಿ ಬಿಳಿ ಬೂಷ್ಟು ಇದೆಯಾ ಮೊದಲು ನೋಡಿ. ಇದ್ರೆ ಮಾಸ್ಕ್ ಹಾಕಿ, ಬೇರೆ ರೀಲುಗಳಿಂದ ದೂರ ಇಟ್ಟು, ಒಣಗಿಸಿ, ಒರೆಸಿದ ಮೇಲೇ ಉಳಿದದ್ದು. ಬೂಷ್ಟು ಹಿಡಿದ ಟೇಪನ್ನ ಹಾಗೇ ಓಡಿಸಿದ್ರೆ ಯಂತ್ರದಿಂದ ಮುಂದಿನ ಎಲ್ಲಾ ರೀಲಿಗೂ ದಾಟುತ್ತೆ.

ಸೆಷನ್ ರೀಲಿಗೆ ಇನ್ನೊಂದು ಕಾಟ ಜೋಡಣೆ ಪಟ್ಟಿ. ಹಾಡುಗಳ ನಡುವೆ ಬಣ್ಣದ ಲೀಡರ್ ಟೇಪ್ (ರೆಕಾರ್ಡಿಂಗ್ ಇಲ್ಲದ ಪಟ್ಟಿ) ಅಂಟಿಸಿರ್ತಾರೆ. ಗೋಂದು ಒಣಗಿ ಪಟ್ ಅಂತ ಬಿಡುತ್ತೆ, ಇಲ್ಲಾ ಸೋರಿ ಪಕ್ಕದ ಸುತ್ತಿಗೆ ಹಿಡಿಯುತ್ತೆ. ವೇಗವಾಗಿ ಸುತ್ತಬಾರದು. ನಿಧಾನ ಓಡಿಸಿ ಪ್ರತಿ ಜೋಡಣೆ ಹೊಸದು ಹಾಕೋದೇ ದಾರಿ.

ಸೂಜಿಮೊನೆ

ಇಷ್ಟೆಲ್ಲಾ ತಿಳಿದ ಮೇಲೂ ಎರಡನೇ ಪ್ರಶ್ನೆ ಹಾಗೇ ಇದೆ. ಯಾವುದು ತಗೊಳ್ಳಲಿ?

ಮಂದ್ರಸ್ಥಾಯಿ

2000ದ 'ಕಂಪ್ಲೀಟ್ ಬಿಬಿಸಿ ರೆಕಾರ್ಡಿಂಗ್ಸ್', ಕ್ಯಾಟಲಾಗ್ ಎಸ್‌ಎಫ್‌ಆರ್‌ಎಸ್‌ಸಿಡಿ 094. ಎಂಟು ಸೆಷನ್ ಹಾಡು, ಜೊತೆಗೆ 1979ರ ಸೆಪ್ಟೆಂಬರ್‌ನಲ್ಲಿ ಬಿಬಿಸಿ 2ರ 'ಸಂಥಿಂಗ್ ಎಲ್ಸ್' ಟಿವಿ ಕಾರ್ಯಕ್ರಮದಲ್ಲಿ ನುಡಿಸಿದ 'ಟ್ರಾನ್ಸ್‌ಮಿಷನ್', 'ಶೀಸ್ ಲಾಸ್ಟ್ ಕಂಟ್ರೋಲ್', ಕೊನೆಗೆ ರಿಚರ್ಡ್ ಸ್ಕಿನ್ನರ್ ಮಾಡಿದ ಸಣ್ಣ ಸಂದರ್ಶನ. ಅಡ್ಡಮಾತು ಅವರಿಗೆ ಬೇಕಾದ ನಿಜವಾದ ಲೈವ್ ಈ ಟಿವಿ ಹಾಡುಗಳೇ. 'ಬೆಸ್ಟ್ ಆಫ್' ಹೇಗೂ ಬೇಕು ಅನ್ನೋರಿಗೆ 2008ರದ್ದು ಲಾಭ. ಸೆಷನ್ ಮಾತ್ರ ಸಾಕು ಅಂದ್ರೆ 1990ರದ್ದು. ಇಪಿಗಳು, ಎಸ್‌ಎಫ್‌ಪಿಎಸ್ 013 ಮತ್ತು 033, ಡಿಸ್ಕ್ ತಿರುಗಿಸೋ ಖುಷಿಗೆ.

'ಕಂಪ್ಲೀಟ್' ಅನ್ನೋದು ಬಿಬಿಸಿ ಮಟ್ಟಿಗೆ ಅಷ್ಟೆ. 1979ರ ಜೂನ್‌ನಲ್ಲಿ ಮ್ಯಾಂಚೆಸ್ಟರಿನ ಪಿಕಡಿಲ್ಲಿ ರೇಡಿಯೋಗೆ ಮಾಡಿದ ಸೆಷನ್ ಇದರಲ್ಲಿ ಇರಲ್ಲ, ಅದು ಖಾಸಗಿ ಕೇಂದ್ರ. 'ಅಟ್‌ಮಾಸ್ಫಿಯರ್' ಹಾಡು 'ಚಾನ್ಸ್' ಅನ್ನೋ ಹೆಸರಿನಲ್ಲಿ ಇರೋದು ಅಲ್ಲಿ. ಅದಕ್ಕೆ 1997ರ 'ಹಾರ್ಟ್ ಅಂಡ್ ಸೋಲ್' ಪೆಟ್ಟಿಗೆ ನೋಡಿ.

ನೀಲಿ_ಕ್ಯಾಸೆಟ್

ಹಳೇ ಸಿಡಿ ಕೊಳ್ಳೋರು ಡಿಸ್ಕಿನ ಒಳವೃತ್ತ ಓದಿ. 1988ರಿಂದ 93ರ ನಡುವೆ ಬ್ರಿಟನ್ನಿನ ಪಿಡಿಒ ಕಾರ್ಖಾನೆಯಲ್ಲಿ ಅಚ್ಚಾದ ಎಷ್ಟೋ ಸಿಡಿ ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗಿ ಕೆಡುತ್ತವೆ. ಮೇಲಿನ ಲ್ಯಾಕರ್ ಕವರ್ ಕಾಗದದ ಗಂಧಕವನ್ನ ತಡೀಲಿಲ್ಲ. ಕೆಡೋದು ಅಂಚಿಂದ, ಅಂದ್ರೆ ಕೊನೇ ಹಾಡಿಂದ, ಹಾಗಾಗಿ ಕೊನೇ ಹಾಡು ಪೂರ್ತಿ ಓಡಿಸಿ ನೋಡಿ ದುಡ್ಡು ಕೊಡಿ. ತಂದ ದಿನವೇ ಎಕ್ಸಾಕ್ಟ್ ಆಡಿಯೋ ಕಾಪಿ ತಂತ್ರಾಂಶದ ಸೆಕ್ಯೂರ್ ಮೋಡ್‌ನಲ್ಲಿ ಕಂಪ್ಯೂಟರಿಗೆ ಇಳಿಸಿಡಿ.

ಎರಡು ಪ್ರತಿ ಹೋಲಿಸುವಾಗ ಮೊದಲು ಎರಡನ್ನೂ ಒಂದೇ ಜೋರಿಗೆ, ಮೈನಸ್ 18 ಲಫ್ಸ್‌ಗೆ (ಕಿವಿಗೆ ಕೇಳೋ ಜೋರಿನ ಅಳತೆ), ತನ್ನಿ. ಒಂದು ಡಿಬಿ ಜೋರಿದ್ರೂ ಅದೇ ಚೆನ್ನಾಗಿದೆ ಅನಿಸುತ್ತೆ, ಮಿಕ್ಕ ಚರ್ಚೆ ಎಲ್ಲಾ ದಂಡ. ಆಕಾಶವಾಣಿ ಭಂಡಾರದ ಸಿಡಿಗಳನ್ನ ಹೋಲಿಸೋರಿಗೂ ಇದೇ ಮಾತು.

ಸೂಜಿಮೊನೆ

ಕೊನೇದಾಗಿ ಒಂದು. ಹೆಸರಿಲ್ಲದ ಫೈಲಿನಲ್ಲಿ 'ಟ್ರಾನ್ಸ್‌ಮಿಷನ್' ಇದೆ. ಪೀಲ್ ಸೆಷನ್ನಾ, ಟಿವಿಯದ್ದಾ ಹೇಗೆ ಹೇಳೋದು?

ನೀಲಿ_ಕ್ಯಾಸೆಟ್

ಆಗ ಬ್ರಿಟನ್ನಿನ ಟಿವಿ ಧ್ವನಿ ಮೋನೋ. ಸ್ಟೀರಿಯೋ ಟ್ರ್ಯಾಕ್ ಬಿಡಿಸಿ, ಬಲ ಚಾನೆಲ್ ತಲೆಕೆಳಗು ಮಾಡಿ, ಎರಡನ್ನೂ ಮೋನೋಗೆ ಕೂಡಿಸಿ. ಪೂರ್ತಿ ಮೌನ ಆದ್ರೆ ಟಿವಿಯದ್ದು, ಅಥವಾ ಮಧ್ಯಮ ತರಂಗದಿಂದ ಹಿಡಿದ ಸೆಷನ್. 5 ಕಿಲೋಹರ್ಟ್ಸ್ ಮೇಲೆ ಏನಾದ್ರೂ ಇದ್ರೆ ಎರಡನೆಯದಲ್ಲ. ಗಿಟಾರ್, ಸಿಂಬಲ್ ಅಂಚು ಉಳಿದುಕೊಂಡ್ರೆ ಸೆಷನ್ ಸ್ಟೀರಿಯೋ. ಅಜಿಮತ್ ತಪ್ಪಿದ ಮೋನೋ ಕ್ಯಾಸೆಟ್‌ನಲ್ಲೂ ಮೌನ ಬರಲ್ಲ, ಆದ್ರೆ ಅಲ್ಲಿ ಉಳಿಯೋದು ಮೇಲಿನ ಚರಚರ ಮಾತ್ರ, ಯಾವ ವಾದ್ಯವೂ ಬಿಡಿಯಾಗಿ ಕೇಳಲ್ಲ. ಎಡ ಚಾನೆಲನ್ನ ಒಂದೊಂದೇ ಸ್ಯಾಂಪಲ್ ಸರಿಸಿ ಮತ್ತೆ ಕೂಡಿಸಿ ನೋಡಿ, ಮೋನೋ ಆಗಿದ್ರೆ ನಾಲ್ಕೈದು ಸ್ಯಾಂಪಲ್‌ನೊಳಗೆ ಚರಚರ ಬಹುಪಾಲು ಅಡಗುತ್ತೆ.